ಮಾಲೆ ಹಾಕಿದವರು ಕೀಮೋ ಮುಂದೂಡಬಹುದೇ?

ಕನ್ನಿಸ್ವಾಮಿಗಳೇ, ಇವತ್ತಿನ ಪಾಠದಲ್ಲಿ ಮೊದಲು ಒಂದು ಲೆಕ್ಕ. ನಮ್ಮ ಮಂಡಲ 41 ದಿನ. ಅನೇಕ ಕೀಮೋಗಳು 21 ದಿನಕ್ಕೊಂದು ಸುತ್ತು. ವ್ರತ ಮುಗಿಯಲಿ ಎಂದು ಕಾದರೆ ಎರಡು ಸುತ್ತು ಕೈತಪ್ಪುತ್ತದೆ. ಗಡ್ಡೆಗೆ ಮಂಡಲ ಗೊತ್ತಿಲ್ಲ.

ಇಲ್ಲಿ ಧನಕವಡಿಯಲ್ಲಿ ನಮ್ಮ ಭಜನೆಗೆ ಬರುವ ಹುಡುಗನೊಬ್ಬನ ತಂದೆ ಹಾಗೆಯೇ ಹಟ ಹಿಡಿದಿದ್ದರು. "ಮಕರಜ್ಯೋತಿ ಆಗಲಿ, ಅಲ್ಲೀತನಕ ಕಷಾಯ ಸಾಕು" ಅಂತ. ನಾನು ಹೇಳಿದೆ: ಕೀಮೋ ಈಗಲೇ ಆಗಲಿ, ನಿಮ್ಮ ಹೆಸರಿನ ತುಪ್ಪದ ಕಾಯಿ ಮಗನ ಇರುಮುಡಿಯಲ್ಲಿ ಹೋಗಲಿ. ಒಪ್ಪಿದರು.

2018ರಲ್ಲಿ ಅಮೆರಿಕದ ಯೇಲ್ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಪೂರಕ ಚಿಕಿತ್ಸೆ ಬಳಸಿದವರಲ್ಲಿ ಸಾವಿನ ಅಪಾಯ ಸುಮಾರು ಎರಡು ಪಟ್ಟು ಇತ್ತು. ಕಾರಣ ಯೋಗವೂ ಅಲ್ಲ, ಪ್ರಾರ್ಥನೆಯೂ ಅಲ್ಲ. ಆಪರೇಷನ್, ಕೀಮೋ, ರೇಡಿಯೇಷನ್ ಬೇಡವೆಂದವರು ಅವರಲ್ಲಿ ಹೆಚ್ಚಿದ್ದರು. ಜೊತೆಯಾಗಿ ಮಾಡಿದರೆ ಮಾತೇ ಬೇರೆ. ಬೆಂಗಳೂರಿನಲ್ಲಿ ಎಸ್-ವ್ಯಾಸದವರು ಸ್ತನ ಕ್ಯಾನ್ಸರಿನ ಕೀಮೋ ಜೊತೆ ಯೋಗ ಮಾಡಿಸಿ ನೋಡಿದಾಗ ವಾಕರಿಕೆ, ಆತಂಕ ಕಡಿಮೆಯಾಗಿತ್ತು. 2007ರಲ್ಲಿ ಅದು ಪ್ರಕಟವಾಯಿತು. ಶರಣಘೋಷವಂತೂ ಯಾವ ಔಷಧಿಗೂ ಅಡ್ಡ ಬರುವುದಿಲ್ಲ.

ಅಡ್ಡ ಬರುವುದು ಬೇರೆ. ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ಇಳಿದು ಸೋಂಕು ಬೇಗ ತಗಲುತ್ತದೆ. ಆಗ ಬರಿಗಾಲು, ಜನಜಂಗುಳಿ, ಒಪ್ಪೊತ್ತು ಬೇಡ. ಜ್ವರ ಬಂದರೆ ಭಸ್ಮ ಹಚ್ಚಿ ಕೂರದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಅಮೃತಬಳ್ಳಿ ಸೇವಿಸಿದವರ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಮನೆಯಲ್ಲಿರುವ ಕಷಾಯ, ಚೂರ್ಣದ ಡಬ್ಬಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಡಿ.