ಜಯಲಕ್ಷ್ಮೀ ವಿಲಾಸದ ನವೀಕರಣ: ಕಟ್ಟಡ ಮತ್ತು ಜಾನಪದ ಸಂಗ್ರಹ

ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸವನ್ನು ಕುರಿತ ಬರೆಹಗಳು ಬಹುಮಟ್ಟಿಗೆ ಅದರ ಜೋಡಿಕಂಬಗಳನ್ನೂ ಗಜಲಕ್ಷ್ಮಿಯ ಉಬ್ಬುಶಿಲ್ಪವನ್ನೂ ವರ್ಣಿಸುತ್ತವೆ. ಕಟ್ಟಡದ ಬಳಕೆ ಬದಲಾದಾಗ ಅದರ ಒಡಲಿನಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅವು ಅಷ್ಟಾಗಿ ಎತ್ತಿಕೊಂಡಿಲ್ಲ.

ಹತ್ತನೆಯ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ನಿರ್ಮಾಣವಾದ ಈ ಸೌಧವು ಕುವೆಂಪು ಅವರು ಕುಲಪತಿಗಳಾಗಿದ್ದ ಅವಧಿಯಲ್ಲಿ (1956–60) ಮೈಸೂರು ವಿಶ್ವವಿದ್ಯಾನಿಲಯದ ಸ್ವತ್ತಾಯಿತು. ಮುಂದೆ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡಿತು. ರಾಜಕುಮಾರಿಯ ವಾಸಕ್ಕೆಂದು ಕಟ್ಟಿದ ಕೋಣೆಗಳಿಗೆ ನೇಗಿಲು, ಕೊಳಗ, ತೊಗಲುಗೊಂಬೆಗಳು ಬಂದುದು ಕನ್ನಡ ವಿದ್ವತ್ತಿನ ದಿಕ್ಕು ಬದಲಾದುದರ ಕುರುಹೂ ಹೌದು.

ಇಂತಹ ಕಟ್ಟಡಗಳ ಮದ್ರಾಸು ತಾರಸಿಯಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಿಂದ ಬಂಧಿಸಿ, ಮೇಲೆ ಇಟ್ಟಿಗೆಚೂರಿನ ಪದರವನ್ನು ಹಾಸುತ್ತಾರೆ. ಸುಣ್ಣದ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಹೊರಮೈ ಗಟ್ಟಿಯಾಗಿ ಕಂಡರೂ ತೇವ ಒಳಗೇ ಉಳಿಯುತ್ತದೆ. ತೊಲೆಯ ತುದಿ ಗೋಡೆಯೊಳಗೆ ಕಣ್ಣಿಗೆ ಬೀಳದಂತೆ ಕೊಳೆಯತೊಡಗುತ್ತದೆ. ವಿದ್ಯುತ್ ತಂತಿಗಾಗಿ ಗೋಡೆ ಕೊರೆಯುವುದು, ಶೌಚಾಲಯಕ್ಕಾಗಿ ಹೊಸ ಕೊಳವೆ ಹಾಯಿಸುವುದು ಮೊದಲಾದ, ಶೈಕ್ಷಣಿಕ ಬಳಕೆಗೆ ಅನಿವಾರ್ಯವೆನಿಸುವ ಕೆಲಸಗಳಿಂದಲೂ ಇದೇ ಅಪಾಯವಿದೆ.

ಇಲ್ಲಿ ಕಟ್ಟಡದ ಪ್ರಶ್ನೆ ಸಂಗ್ರಹದ ಪ್ರಶ್ನೆಯೂ ಆಗುತ್ತದೆ. ತೊಗಲುಗೊಂಬೆಯು ತೇವಕ್ಕೆ ಹಿಗ್ಗಿ, ಒಣಹವೆಗೆ ಕುಗ್ಗಿ, ಸುರುಟಿಕೊಳ್ಳುತ್ತದೆ; ಬೂಷ್ಟು ಹಿಡಿದರೆ ಬಣ್ಣ ಉಳಿಯದು. ದುರಸ್ತಿಗಾಗಿ ವಸ್ತುಗಳನ್ನು ಸ್ಥಳಾಂತರಿಸುವಾಗ ಒಂದು ಗುರುತುಚೀಟಿ ಕಳಚಿದರೂ ಆ ವಸ್ತು ಯಾವ ಊರಿನದು, ಯಾವ ಮೇಳದ್ದು ಎಂಬ ಮಾಹಿತಿ ಹೋಗುತ್ತದೆ. ಆಮೇಲೆ ಉಳಿಯುವುದು ಅಲಂಕಾರದ ವಸ್ತು. ಅದು ಅಧ್ಯಯನದ ಆಕರವಲ್ಲ. ಆದುದರಿಂದ ನವೀಕರಣದ ಅಂದಾಜುಪಟ್ಟಿಯಲ್ಲಿ ದಾಖಲೀಕರಣಕ್ಕೂ ಹಣ ಮೀಸಲಿರಬೇಕು. ಈ ಕೆಲಸವನ್ನು ಇಂಜಿನಿಯರರು ಮಾಡಲಾರರು. ಕನ್ನಡ, ಜಾನಪದ ವಿಭಾಗಗಳವರೇ ಮಾಡಬೇಕು.

ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ 2002ರಲ್ಲಿ ತೊಡಗಿ 2006ರಲ್ಲಿ ಮುಗಿದ ನವೀಕರಣವು ಸೌಧಕ್ಕೆ ಮರುಜೀವ ನೀಡಿತು. ಆದರೆ ಎರಡು ದಶಕ ತುಂಬುವ ಮೊದಲೇ ಛಾವಣಿ ಮತ್ತೆ ಶಿಥಿಲಗೊಂಡಿತು. ದೊಡ್ಡ ಮೊತ್ತದ ನವೀಕರಣಕ್ಕೆ ದಾನಿಗಳು ದೊರೆಯುತ್ತಾರೆ. ಪ್ರತಿ ಮಳೆಗಾಲಕ್ಕೆ ಮುನ್ನ ತಾರಸಿಯ ಬಿರುಕು ಮುಚ್ಚುವ, ನೀರುದೋಣಿಯ ತರಗೆಲೆ ತೆಗೆಯುವ ಕೆಲಸಕ್ಕೆ ಯಾರ ಹೆಸರಿನ ಫಲಕವೂ ಏಳುವುದಿಲ್ಲ. ಗಾರೆ ಕೆಲಸ ಬಲ್ಲ ಇಬ್ಬರು ಕುಶಲಕರ್ಮಿಗಳನ್ನು ಖಾಯಮ್ಮಾಗಿ ನೇಮಿಸಿಕೊಳ್ಳುವ ವೆಚ್ಚ, ಪದೇ ಪದೇ ಮಾಡಬೇಕಾದ ನವೀಕರಣದ ಮುಂದೆ ಅಲ್ಪವೇ.