ನಿರುದ್ಯೋಗ ಭತ್ಯೆ ನಿಂತಾಗ: ಯುವನಿಧಿಯ ಷರತ್ತುಗಳೂ ಫಲಾನುಭವಿಯ ಹಕ್ಕುಗಳೂ

ರಾಜ್ಯವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಪ್ರಜೆಗಳಿಗೆ ಉದ್ಯೋಗದ ಹಕ್ಕನ್ನೂ ಶಿಕ್ಷಣದ ಹಕ್ಕನ್ನೂ, ನಿರುದ್ಯೋಗ, ಮುಪ್ಪು, ಕಾಯಿಲೆ ಮೊದಲಾದ ಸಂದರ್ಭಗಳಲ್ಲಿ ಸಾರ್ವಜನಿಕ ನೆರವಿನ ಹಕ್ಕನ್ನೂ ದೊರಕಿಸಿಕೊಡಬೇಕೆಂದು ಸಂವಿಧಾನದ 41ನೇ ವಿಧಿ ವಿಧಿಸುತ್ತದೆ. ಆದರೆ ಇದು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಒಂದಾಗಿದ್ದು, 37ನೇ ವಿಧಿಯ ಪ್ರಕಾರ ಅಂಥ ತತ್ತ್ವವನ್ನು ನೇರವಾಗಿ ಜಾರಿಗೊಳಿಸುವಂತೆ ನ್ಯಾಯಾಲಯವನ್ನು ಕೋರಲು ಬರುವುದಿಲ್ಲ. ಆದ್ದರಿಂದ ಕೆಲಸವಿಲ್ಲದವನ ಕೈಗೆ ಬರುವ ಹಣವು ಯಾವ ಕಾಯಿದೆಯಿಂದ ಅಥವಾ ಯಾವ ಆದೇಶದಿಂದ ಹುಟ್ಟಿದೆ ಎಂಬುದರ ಮೇಲೆಯೇ ಅದರ ಬಲ ನಿಂತಿರುತ್ತದೆ.

2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು, ಕೆಲಸ ಕೇಳಿದ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಶಾಸನದಲ್ಲಿಯೇ ಬರೆಯಿತು. ಕರ್ನಾಟಕ ಸರ್ಕಾರವು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ನೀಡಿದ ಯುವನಿಧಿಯಾದರೋ ಸರ್ಕಾರಿ ಆದೇಶದ ಮೂಲಕ ಬಂದ ಯೋಜನೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ, ಅಥವಾ ಕೆಲಸ ಸಿಗುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಈ ಭತ್ಯೆ ನೇರ ನಗದು ವರ್ಗಾವಣೆಯಾಗಿ, ಅಂದರೆ ಮಧ್ಯವರ್ತಿಗಳಿಲ್ಲದೆ, ಫಲಾನುಭವಿಯ ಬ್ಯಾಂಕ್ ಖಾತೆಗೆ ಸೇರುತ್ತದೆ. ತೇರ್ಗಡೆಯಾದ ಬಳಿಕ 180 ದಿನ ಕೆಲಸ ಸಿಗದಿರುವುದು, ರಾಜ್ಯದ ನಿವಾಸಿಯಾಗಿರುವುದು, ಉನ್ನತ ವ್ಯಾಸಂಗ ಮುಂದುವರಿಸದಿರುವುದು ಅದರ ಮುಖ್ಯ ಷರತ್ತುಗಳು. ಅರ್ಜಿಯನ್ನು ಸೇವಾ ಸಿಂಧು ಜಾಲತಾಣದಲ್ಲಿ ಸಲ್ಲಿಸಬೇಕು.

ಕೆಲಸ ದೊರೆತಿಲ್ಲವೆಂದು ನಿಗದಿತ ಅವಧಿಗೊಮ್ಮೆ ಫಲಾನುಭವಿಯೇ ತಿಳಿಸುವುದನ್ನು ಸ್ವಯಂ ಘೋಷಣೆ ಎನ್ನಲಾಗುತ್ತದೆ. ಕೆಲಸ ಸಿಕ್ಕಿಯೂ ಅದನ್ನು ಮರೆಮಾಚಿದರೆ ದಂಡಕ್ಕೆ ಗುರಿಯಾಗಬೇಕಾದುದರಿಂದ, ಪ್ರತಿ ಘೋಷಣೆಯ ಸ್ವೀಕೃತಿಯನ್ನು ಮುದ್ರಿಸಿಟ್ಟುಕೊಳ್ಳುವುದು ಒಳ್ಳೆಯದು.

ದುಡಿಮೆಗೆ ಪ್ರೇರಣೆಯಾಗುವಂತೆ ನಗದು ನೆರವನ್ನು ತಿದ್ದಬೇಕೆಂಬ ಮಾತು ಬಂದಾಗಲೆಲ್ಲ ಷರತ್ತುಗಳನ್ನು ಬಿಗಿಗೊಳಿಸುವ ಸಲಹೆಯೇ ಮೊದಲು ಕೇಳಿಬರುತ್ತದೆ. ಆದರೆ ನಿಜವಾದ ತೊಡಕಿರುವುದು ಭತ್ಯೆ ನಿಲ್ಲುವ ರೀತಿಯಲ್ಲಿ. ಯುವನಿಧಿಯಲ್ಲಿ ಗಳಿಕೆ ಏರಿದಂತೆ ಭತ್ಯೆಯನ್ನು ಹಂತಹಂತವಾಗಿ ತಗ್ಗಿಸುವ ಏರ್ಪಾಡಿಲ್ಲ. ಉದಾಹರಣೆಗೆ, ತಿಂಗಳಿಗೆ 2,000 ರೂಪಾಯಿ ತರುವ ಅರೆಕಾಲಿಕ ಕೆಲಸವನ್ನು ಉದ್ಯೋಗವೆಂದು ಎಣಿಸಿ 3,000 ರೂಪಾಯಿಯ ಭತ್ಯೆಯನ್ನು ಪೂರ್ತಿ ನಿಲ್ಲಿಸಿದರೆ, ದುಡಿದವನು ದುಡಿಯದವನಿಗಿಂತ 1,000 ರೂಪಾಯಿ ಕಡಿಮೆ ಪಡೆದಂತಾಗುತ್ತದೆ. ಬ್ರಿಟನ್ 2012ರ ಕಲ್ಯಾಣ ಸುಧಾರಣಾ ಕಾಯಿದೆಯಿಂದ ತಂದ ಯೂನಿವರ್ಸಲ್ ಕ್ರೆಡಿಟ್ ವ್ಯವಸ್ಥೆಯಲ್ಲಿ ಗಳಿಕೆಯ ಪ್ರತಿ ಪೌಂಡಿಗೆ ನೆರವಿನಿಂದ 63 ಪೆನ್ಸ್ ಕಳೆಯುತ್ತಿದ್ದುದನ್ನು 2021ರಲ್ಲಿ 55ಕ್ಕೆ ಇಳಿಸಲಾಯಿತು. ಅದೇ ಲೆಕ್ಕವನ್ನು ಇಲ್ಲಿಗೆ ಅನ್ವಯಿಸಿದರೆ ಭತ್ಯೆಯಲ್ಲಿ 1,100 ರೂಪಾಯಿ ಮಾತ್ರ ಕಡಿತವಾಗಿ, ಒಟ್ಟು 3,900 ರೂಪಾಯಿ ಆ ಯುವಕನ ಕೈಯಲ್ಲಿ ಉಳಿಯುತ್ತದೆ. ಬ್ರಿಟನ್ನಿನ ದಂಡನಾ ಕ್ರಮಗಳು ಕಠಿಣವಾಗಿವೆ, ಅವನ್ನು ಅನುಕರಿಸಬೇಕಾಗಿಲ್ಲ. ಮೊದಲ ಸಣ್ಣ ಸಂಬಳವು ನಷ್ಟವಾಗಿ ಪರಿಣಮಿಸಬಾರದೆಂಬ ತತ್ತ್ವವನ್ನಾದರೂ ಕರ್ನಾಟಕದ ಆದೇಶದಲ್ಲಿ ಸೇರಿಸುವುದು ಅತ್ಯಗತ್ಯ.

ಭತ್ಯೆ ಹಠಾತ್ತನೆ ನಿಂತಾಗ ಮೊದಲು ಖಾತೆಗೆ ಆಧಾರ್ ಜೋಡಣೆ ಸರಿಯಿದೆಯೇ ಎಂಬುದನ್ನು ಬ್ಯಾಂಕಿನಲ್ಲಿಯೂ, ಘೋಷಣೆ ದಾಖಲಾಗಿದೆಯೇ ಎಂಬುದನ್ನು ಸೇವಾ ಸಿಂಧುವಿನಲ್ಲಿಯೂ ಪರಿಶೀಲಿಸಿ, ನಂತರ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕಾಯಿದೆಯ ಬಲವಿಲ್ಲದ ಯೋಜನೆಯೆಂದ ಮಾತ್ರಕ್ಕೆ ಅಧಿಕಾರಿಯು ಮನಬಂದಂತೆ ನಡೆದುಕೊಳ್ಳುವಂತಿಲ್ಲ. ಸಮಾನತೆಯನ್ನು ಸಾರುವ 14ನೇ ವಿಧಿ ಸರ್ಕಾರಿ ಆದೇಶಗಳಿಗೂ ಅನ್ವಯಿಸುತ್ತದೆ. ಪ್ರತಿಕೂಲ ನಿರ್ಧಾರಕ್ಕೆ ಮೊದಲು ಬಾಧಿತನ ಮಾತನ್ನು ಕೇಳಬೇಕೆಂಬುದು ಸಹಜ ನ್ಯಾಯದ ತತ್ತ್ವ. ಅದು ಆಡಳಿತಾತ್ಮಕ ನಿರ್ಧಾರಗಳಿಗೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 1969ರ ಎ.ಕೆ. ಕ್ರೈಪಕ್ ಪ್ರಕರಣದಲ್ಲಿ ಹೇಳಿದೆ.

ಮನವಿಗೆ ಉತ್ತರ ಬಾರದಿದ್ದರೆ, ಭತ್ಯೆ ನಿಲ್ಲಿಸಿದ ಆದೇಶದ ಪ್ರತಿಯನ್ನೂ ಕಾರಣವನ್ನೂ ಕೋರಿ 2005ರ ಮಾಹಿತಿ ಹಕ್ಕು ಕಾಯಿದೆಯ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳನ್ನು ಮೀರದಂತಿರಬೇಕು. 30 ದಿನಗಳಲ್ಲಿ ಮಾಹಿತಿ ಸಿಗದಿದ್ದರೆ ಮತ್ತೆ 30 ದಿನಗಳೊಳಗೆ ಪ್ರಥಮ ಮೇಲ್ಮನವಿ, ಅದಕ್ಕೂ ಫಲ ಕಾಣದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗದ ಮುಂದೆ ದ್ವಿತೀಯ ಮೇಲ್ಮನವಿ ಹೂಡಬಹುದು. ಹೀಗೆ ಪಡೆದ ದಾಖಲೆಯೇ ಮುಂದೆ 226ನೇ ವಿಧಿಯ ಅಡಿಯಲ್ಲಿ ಹೈಕೋರ್ಟಿಗೆ ಸಲ್ಲಿಸುವ ರಿಟ್ ಅರ್ಜಿಗೆ ಆಧಾರವಾಗುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು, ಅಂಗವಿಕಲರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯವುಳ್ಳವರು ಇಂಥ ಅರ್ಜಿಗೆ ವಕೀಲರ ನೆರವನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಉಚಿತವಾಗಿ ಪಡೆಯಬಹುದು. ಅದಕ್ಕಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು, ಇಲ್ಲವೇ 15100 ಸಹಾಯವಾಣಿಗೆ ಕರೆ ಮಾಡಬಹುದು.