ಕರಿ ಇಶಾಡವೂ ಶಾಂಪೇನ್ ಮದ್ಯವೂ

ಮೇ ತಿಂಗಳಿನಲ್ಲಿ ಶೆಟಗೇರಿಯಿಂದ ಅಂಕೋಲೆಯ ಪೇಟೆಗೆ ಬರುವವರಿಗೆ, ಹಾಲಕ್ಕಿ ಹೆಂಗಸರು ಬುಟ್ಟಿಗಳಲ್ಲಿಟ್ಟು ಮಾರುವ ಕರಿ ಇಶಾಡ ಮಾವಿನ ಹಣ್ಣು ಚಿರಪರಿಚಿತವಾದುದು. ಇದರ ಸಿಪ್ಪೆ ತೆಳು, ತಿರುಳು ಯಥೇಚ್ಛ, ಸಿಹಿ ಹೇರಳ. ಬಾಳಿಕೆ ಮಾತ್ರ ಅಲ್ಪ. ಇದರ ಸೋದರನಾದ ಬಿಳಿ ಇಶಾಡದ ಸಿಪ್ಪೆ ದಪ್ಪ, ತಿರುಳು ಕಡಮೆ. ಹಣ್ಣು ಕೈಯಲ್ಲಿರುವಾಗ ಬಲ್ಲವರು ಇವೆರಡನ್ನೂ ಗುರುತಿಸಬಲ್ಲರು. ಆದರೆ ರಸ ತೆಗೆದು ಡಬ್ಬಿಯಲ್ಲಿ ತುಂಬಿದ ಮೇಲೆ ಆ ಗುರುತು ಉಳಿಯುವುದೆಲ್ಲಿ? ಕೊಳ್ಳುವವನಿಗೆ ಚೀಟಿಯ ಮೇಲಿನ ಹೆಸರೊಂದೇ ಆಧಾರ.

ದ್ರಾಕ್ಷಾಮದ್ಯದಲ್ಲಿ ಈ ತೊಡಕು ಬಹು ಹಿಂದೆಯೇ ತಲೆದೋರಿತ್ತು. ಫ್ರಾನ್ಸಿನ ಶಾಂಪೇನ್ ಪ್ರಾಂತದ ಕೆಲವು ವರ್ತಕರು ಹೊರಗಿನ ಅಗ್ಗದ ದ್ರಾಕ್ಷಿಯನ್ನು ತರಿಸಿ, ಅದರ ಮದ್ಯವನ್ನೂ ಶಾಂಪೇನ್ ಎಂದೇ ಮಾರಿದರು. ತಮ್ಮ ಬೆಳೆಗೆ ಬೆಲೆಯಿಲ್ಲದಂತಾದ ಬೆಳೆಗಾರರು 1911ರಲ್ಲಿ ದಂಗೆಯೆದ್ದು, ಪೀಪಾಯಿಗಳ ಮದ್ಯವನ್ನು ಬೀದಿಗೆ ಚೆಲ್ಲಿದರು. ಫ್ರಾನ್ಸಿನ 1935ರ ಶಾಸನವು ಊರಿನ ಎಲ್ಲೆಯನ್ನು ಗುರುತಿಸಿದ್ದಲ್ಲದೆ ತಳಿ, ಇಳುವರಿ, ಮದ್ಯಸಾರದ ಪ್ರಮಾಣಗಳಿಗೂ ಕಟ್ಟಳೆ ವಿಧಿಸಿತು. ಇಳುವರಿಗೆ ಮಿತಿಯೇಕೆಂದು ನಾವು ಕೇಳಬಹುದು. ಬಳ್ಳಿಯು ಮಿತಿಮೀರಿ ಕಾಯಿಬಿಟ್ಟರೆ ಹಣ್ಣಿನಲ್ಲಿ ಸಕ್ಕರೆ ಕಡಮೆಯಾಗುವುದು.

ನಮ್ಮ ದೇಶದ ಭೌಗೋಳಿಕ ಸೂಚಕಗಳ ಕಾಯಿದೆಯು 1999ರಲ್ಲಿ ಅಂಗೀಕೃತವಾಗಿ, 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಅಂಕೋಲೆಯ ಕರಿ ಇಶಾಡಕ್ಕೆ 2023ರಲ್ಲಿ ನೋಂದಣಿ ದೊರೆಯಿತು. ಆದರೂ ಜಾಗತಿಕ ವ್ಯಾಪಾರ ಒಪ್ಪಂದದಲ್ಲಿ ಮದ್ಯಕ್ಕೊಂದು ನ್ಯಾಯ, ಮಾವಿಗೊಂದು ನ್ಯಾಯ! ಬೇರೆ ನಾಡಿನ ಮದ್ಯವನ್ನು ‘ಶಾಂಪೇನ್ ಮಾದರಿಯದು’ ಎಂದು ಕರೆಯುವುದೂ ಅಲ್ಲಿ ನಿಷಿದ್ಧ. ಉಳಿದ ಸರಕುಗಳಲ್ಲಾದರೋ ಜನರು ಮೋಸಹೋಗುವರೆಂದು ತೋರಿಸಿಕೊಡಬೇಕು. ಈ ಭೇದವನ್ನು ತೊಡೆಯಬೇಕೆಂಬ ಭಾರತದ ವಾದ ನಮಗೆ ಸರಿಯೆಂದೇ ತೋರುತ್ತದೆ.

ಇನ್ನು ಪರೀಕ್ಷೆಯ ಮಾತು. ಕರಿ ಇಶಾಡದ ರಸಕ್ಕೆ ಬೇರೆ ತಳಿಯ ರಸ ಬೆರೆತಿದ್ದರೆ ಡಿಎನ್‌ಎ ಪರೀಕ್ಷೆಯಿಂದ ತಿಳಿಯಬಹುದು. ಆದರೆ ಕಸಿಯ ಗಿಡದ ಡಿಎನ್‌ಎ ತಾಯಿಮರದ್ದೇ ಆಗಿರುವುದರಿಂದ, ಹಣ್ಣು ಅಂಕೋಲೆಯದೋ ದೂರದ ಬಯಲುಸೀಮೆಯದೋ ಎಂಬುದನ್ನು ಅದು ಹೇಳಲಾರದು. ಅದಕ್ಕೆ ಬೇರೆ ಸಾಕ್ಷಿ ಬೇಕು. ಗಿಡ ಹೀರಿದ ನೀರಿನಲ್ಲಿ ಆಮ್ಲಜನಕದ ಭಾರವಾದ ಮತ್ತು ಹಗುರವಾದ ಪರಮಾಣುಗಳ ಪ್ರಮಾಣವು ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸವಾಗುವುದುಂಟು. ಯೂರೋಪಿನಲ್ಲಿ ಮದ್ಯದ ಮೂಲವನ್ನು ಪರಿಶೀಲಿಸಲು ಇಂತಹ ಅಳತೆಗಳನ್ನು ಸಂಗ್ರಹಿಸಿಟ್ಟಿದ್ದಾರೆ. ಮಾವಿನ ರಸಕ್ಕೆ ಅಷ್ಟು ದೊಡ್ಡ ಏರ್ಪಾಡು ಒಡನೆಯೇ ಆಗದಿದ್ದರೂ, ಯಾವ ತೋಟದಿಂದ ಎಷ್ಟು ಬುಟ್ಟಿ ಹಣ್ಣು ಕಾರ್ಖಾನೆಗೆ ಬಂದಿತು, ಅದರಿಂದ ಎಷ್ಟು ಡಬ್ಬಿ ರಸ ಹೊರಟಿತು ಎಂಬ ಲೆಕ್ಕದ ಪುಸ್ತಕವಾದರೂ ಇರಬೇಕು.